ಯಾನಜ್ಜ ಕೆಟಲ್ ಕೆಳಗಿಟ್ಟ ಚಳಿಗಾಲ

ಬೇರಿನ ವ್ಯಾಪಾರಿ ಮಾಲು ಮುಂದೆ ಬಂದರೆ ಮೊದಲು ಅಂಗೈಯಲ್ಲಿ ತೂಗಿ ನೋಡುತ್ತಾನೆ. ಆಮೇಲೆ ಉಗುರಿನಿಂದ ಗೀರುತ್ತಾನೆ, ಮೂಗಿಗೆ ಹಿಡಿಯುತ್ತಾನೆ. ಕೊಡುವವನ ಮುಖ ಒಂದಿಷ್ಟು ಸಪ್ಪಗಾಗಲಿ ಎಂದು ಸುಮ್ಮನೆ ಮೂಗು ಮುರಿಯುತ್ತಾನೆ. ಯಾನ್ ಬಿಂಗ್‌ಚುವಾನ್‌ನನ್ನು ಈ ಕ್ರಮದಲ್ಲಿ ನೋಡಿದರೆ ಯಾರೂ ಮೇಲೆ ಬಿದ್ದು ಕೊಳ್ಳುವ ಮಾಲಲ್ಲ. ತೂಕ ಕಡಿಮೆ. ತೊಟ್ಟ ಹತ್ತಿಯ ಅಂಗಿಯನ್ನು ನೀರಲ್ಲಿ ಅದ್ದಿ ತೂಗಿದರೂ ಒಂದು ಒಳ್ಳೆಯ ಹಂದಿಯ ಅರ್ಧ ಬರಲಿಕ್ಕಿಲ್ಲ. ಸಿಪ್ಪೆ ಸುಕ್ಕು, ಗೆಣ್ಣು ಜಾಸ್ತಿ. ಜೀವಮಾನವೆಲ್ಲ ಬಲಗೈಯಲ್ಲಿ ಭಾರ ಹಿಡಿದದ್ದರಿಂದ ಮೈ ಎಡಕ್ಕೆ ವಾಲಿದೆ. ವಾಸನೆ ಮಾತ್ರ ಮೊದಲ ದರ್ಜೆ: ಕಲ್ಲಿದ್ದಲಿನ ಹೊಗೆ, ಅದರ ಮೇಲೆ ಮಲ್ಲಿಗೆ ಬೆರೆಸಿದ ಚಹಾ. ಒಟ್ಟಿನಲ್ಲಿ ಎರಡನೇ ರಾಶಿಗೆ ಎಸೆದು ಮುಂದೆ ಹೋಗಬಹುದಿತ್ತು. ಆದರೆ ನಾನು ಕೊಳ್ಳುವ ತಲೆನೋವಿನ ಮದ್ದಿನ ಬೇರನ್ನು ಮುರಿಯದೆ ಯಾರೂ ದರ ಹೇಳುವುದಿಲ್ಲ. ಹೊರಗೆ ಎಷ್ಟೇ ಒಣಗಿರಲಿ, ಮುರಿದ ಜಾಗದಲ್ಲಿ ಎಣ್ಣೆಯ ಹಳದಿ ಚುಕ್ಕೆ ಹೊಳೆದರೆ ಅದು ಜೀವ ಇರುವ ಮಾಲು. ಯಾನಜ್ಜನನ್ನು ಮುರಿದು ನೋಡುವ ಹೊತ್ತು ಒಂದು ಚಳಿಗಾಲದಲ್ಲಿ ಬಂತು. ಜಪಾನಿನವರ ಯುದ್ಧದ ಸುದ್ದಿ ಇನ್ನೂ ನಮ್ಮ ಬೆಟ್ಟ ದಾಟಿ ಒಳಗೆ ಬಂದಿರಲಿಲ್ಲ.

ಅವನು ಗುವಾನ್ ಪೇಟೆಯಲ್ಲಿ, ಮಿನ್ ಹೊಳೆಯಿಂದ ಒಡೆದು ಬರುವ ಕಾಲುವೆಯ ಪಕ್ಕದ ಕೆಳದಂಡೆ ಎಂಬ ಚಹಾದಂಗಡಿಯಲ್ಲಿ ನೀರು ಹೊಯ್ಯುವವನು. ನೀರು ಹೊಯ್ಯುವುದು ಎಂದರೆ ಸಣ್ಣ ಮಾತೆಂದು ತಿಳಿಯುವವರು ಅವನ ಒಳ್ಳೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಅಲ್ಲಿ ಕೂರಬೇಕಿತ್ತು. ಎಡತೋಳಿನ ಮೇಲೆ ಮೊಣಕೈವರೆಗೂ ಬಟ್ಟಲುಗಳ ಗೋಪುರ, ಬಲಗೈಯಲ್ಲಿ ಕುದಿಯುವ ತಾಮ್ರದ ಕೆಟಲ್. ಮೇಜಿನ ಹತ್ತಿರ ಬಂದವನೇ ತವರದ ತಟ್ಟೆಗಳನ್ನು ಬೀಸಿ ಒಗೆಯುತ್ತಿದ್ದ. ಅವು ಗಿರಗಿರ ತಿರುಗಿ ಒಬ್ಬೊಬ್ಬನ ಮುಂದೆ ಒಂದೊಂದು ನಿಲ್ಲುತ್ತಿದ್ದವು. ಅವುಗಳ ಮೇಲೆ ಬಟ್ಟಲು ಕೂರುತ್ತಿತ್ತು. ಆಮೇಲೆ ಕೆಟಲ್ ಭುಜದ ಮೇಲಕ್ಕೆ ಏಳುತ್ತಿತ್ತು. ಅಷ್ಟೆತ್ತರದಿಂದ ನೀರು ದಾರದಂತೆ ಇಳಿದು, ತಳದ ಎಲೆಯನ್ನೆಲ್ಲ ಮಗುಚಿ ಹಾಕಿ, ಅಂಚಿಗೆ ಬಂದು ನಿಲ್ಲುತ್ತಿತ್ತು. ಮೇಜಿನ ಮೇಲೆ ಒಂದು ಹನಿ ಇಲ್ಲ. ಕಿರುಬೆರಳಿನಿಂದ ಮುಚ್ಚಳ ಎತ್ತಿ ಬಟ್ಟಲಿನ ಮೇಲೆ ಹಾಕಿ, ಗಿರಾಕಿ ಬಾಯಿ ಮುಚ್ಚುವ ಮೊದಲೇ ಅವನು ಇನ್ನೊಂದು ಮೇಜಿನಲ್ಲಿರುತ್ತಿದ್ದ.

ಕೆಳದಂಡೆಯಲ್ಲಿ ಬಾಯಿ ಇರುವುದು ಹರಟೆಗೆ, ಚಹಾ ಕೇಳುವುದು ಮುಚ್ಚಳ. ಮುಚ್ಚಳ ಬಟ್ಟಲಿಗೆ ಒರಗಿದ್ದರೆ ನೀರು ಹಾಕು. ಮುಚ್ಚಳದ ಮೇಲೆ ಒಂದು ಎಲೆ ಇಟ್ಟು ಎದ್ದು ಹೋಗಿದ್ದರೆ ಈಗ ಬಂದೆ, ನನ್ನ ಜಾಗ ಯಾರಿಗೂ ಕೊಡಬೇಡ. ಮುಚ್ಚಳ ಸರಿಯಾಗಿ ಮುಚ್ಚಿದ್ದರೆ ಸಾಕು, ನಿನ್ನಿಂದ ನನಗೇನೂ ಬೇಕಿಲ್ಲ. ಬಾಯಿಬಿಟ್ಟು "ನೀರು ಹಾಕಪ್ಪಾ" ಎನ್ನುವವನು ಪರವೂರಿನವನೆಂದು ಎಲ್ಲರೂ ತಿರುಗಿ ನೋಡುತ್ತಿದ್ದರು.

ಯಾನಜ್ಜನಿಗೆ ಈ ಕೆಲಸ ಕಲಿಸಿದವನು ಪು ಮೇಸ್ತ್ರಿ. ಕಣ್ಣು ಮಂಜಾದಾಗ ಪು ಮೇಸ್ತ್ರಿ ಒಂದು ಶರತ್ಕಾಲ ಕೆಟಲ್ ಕೆಳಗಿಟ್ಟು ಮನೆಗೆ ಹೋದ. ನಮ್ಮೂರಲ್ಲಿ ಚಳಿಗಾಲಕ್ಕೆ ಹೊಳೆಗೆ ಅಡ್ಡಲಾಗಿ ಮರದ ಮುಕ್ಕಾಲಿಗಳನ್ನು ನಿಲ್ಲಿಸಿ ಕಾಲುವೆಗೆ ಬರುವ ನೀರು ತಡೆಯುತ್ತಾರೆ, ಹೂಳು ತೆಗೆಯುತ್ತಾರೆ, ವಸಂತದಲ್ಲಿ ಸಮಾಧಿ ಗುಡಿಸುವ ಹಬ್ಬದ ಹೊತ್ತಿಗೆ ಮತ್ತೆ ನೀರು ಬಿಡುತ್ತಾರೆ. ಪು ಮೇಸ್ತ್ರಿ ಆ ನೀರು ನೋಡಲಿಲ್ಲ. ಅದಕ್ಕೂ ಮುಂಚೆಯೇ ಹೋಗಿಬಿಟ್ಟ. ಅಂದಿನಿಂದ ಯಾನಜ್ಜನ ತಲೆಯಲ್ಲಿ ಒಂದು ಮಾತು ಮೊಳೆ ಹೊಡೆದಂತೆ ಕೂತಿತು: ಕೆಟಲ್ ಇಟ್ಟವನು ಮುಂದಿನ ನೀರು ಕಾಣುವುದಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಅವನಿಗಾಗಿ ಕಾಯುತ್ತಿದ್ದದ್ದು ಅವನೇ ಮಾಡಿಸಿಟ್ಟುಕೊಂಡಿದ್ದ ಶವಪೆಟ್ಟಿಗೆ ಒಂದೇ. ಅದರಲ್ಲಿ ಸದ್ಯಕ್ಕೆ ಗೆಣಸು ತುಂಬಿಟ್ಟಿದ್ದ.

ಹೀಗಿರುವಾಗ ಅವನ ಬಲಗೈ ನಡುಗತೊಡಗಿತು.

ಮೊದಮೊದಲು ಅದನ್ನು ಅವನು ಸಾಲವನ್ನು ಬಚ್ಚಿಡುವಂತೆ ಬಚ್ಚಿಟ್ಟ. ಕೆಟಲ್‌ಗೆ ಅರ್ಧವೇ ನೀರು ತುಂಬಿಸಿ ಎರಡರಷ್ಟು ಓಡಾಡಿದ. ತಟ್ಟೆ ಒಗೆಯುವುದನ್ನು ಬಿಟ್ಟ. ಯಾರಾದರೂ ಕೇಳಿದರೆ, "ತಟ್ಟೆಗಳು ಹೊಸವು, ಅಂಚು ಸೊಟ್ಟ ಆಗ್ತವೆ" ಎನ್ನುತ್ತಿದ್ದ. ಅವು ಅವನ ಹಲ್ಲಿಗಿಂತ ಹಳೆಯವು. ನಾವು ಬೇರಿನ ವ್ಯಾಪಾರಿಗಳು ಅಂಗಿಯ ತೋಳಿನೊಳಗೆ ಬೆರಳು ಹಿಡಿದು ದರ ಕುದುರಿಸುವವರು. ಬೆರಳು ನಡುಗಿದರೆ ಎದುರಿನವನ ಗಂಟು ಎಷ್ಟು ಸಡಿಲ ಎಂದು ತಿಳಿದುಬಿಡುವವರು. ನಮ್ಮಿಂದ ಮುಚ್ಚಿಡುತ್ತಿದ್ದೇನೆ ಎಂದು ಅವನು ನಂಬಿದ್ದ.

ಒಂದು ಬೆಳಿಗ್ಗೆ ಕೆಟಲ್ ಭುಜದ ಮೇಲಕ್ಕೆ ಎದ್ದಿತು, ಕೈ ಅದುರಿತು, ನೀರು ಬಟ್ಟಲು ಬಿಟ್ಟು ತು ಎಂಬುವನ ತೊಡೆಯ ಮೇಲೆ ಬಿತ್ತು. ತು ಅಂಗಡಿಯಲ್ಲೇ ಕೂತು ಜನರ ಕಿವಿಯ ಗುಗ್ಗೆ ತೆಗೆಯುವವನು. ಅವನು ಹಾರಿದ ಎತ್ತರಕ್ಕೆ ಬೆಂಚು ಮಗುಚಿತು.

"ಅಯ್ಯಯ್ಯೋ, ಸುಟ್ನಲ್ಲಪ್ಪೋ!"

ಯಾನಜ್ಜನ ಮುಖ ಬಿಳಿಚಿತು. ಅದನ್ನು ನೋಡಿದ ತು, ತೊಡೆಯ ಮೇಲೆ ಬಟ್ಟೆ ಎತ್ತಿ ಹಿಡಿದುಕೊಂಡೇ, ದನಿ ಬದಲಾಯಿಸಿದ. "ಏನಿಲ್ಲ ಬಿಡಜ್ಜ. ನನ್ ಹೆಂಡ್ತಿ ಬೆಳಿಗ್ಗೆ ಬೆಳಿಗ್ಗೆ ಬೈಯೋದು ಇದಕ್ಕಿಂತ ಬಿಸಿ ಇರುತ್ತೆ."

ಜನ ನಕ್ಕರು. ಯಾನಜ್ಜ ನಗಲಿಲ್ಲ.

ಮಾರನೆಯ ದಿನದಿಂದ ಒಂದು ವಿಚಿತ್ರ ಶುರುವಾಯಿತು. ಅವನು ಕೆಟಲ್ ಹಿಡಿದು ಮೇಜುಗಳ ನಡುವೆ ಬಂದರೆ ಎಲ್ಲ ಮುಚ್ಚಳಗಳೂ ಮುಚ್ಚಿದ್ದವು. ಮೊದಲ ಸಲ ಹಾಕಿದ ನೀರೇ ಎಲ್ಲರಿಗೂ ಸಾಕಾಗಿತ್ತು. ಒಂದು ಸುತ್ತು ಹೊಡೆದ, ಮುಚ್ಚಿದ್ದವು. ಇನ್ನೊಂದು ಸುತ್ತಿಗೂ ಮುಚ್ಚಿದ್ದವು. ಬೆಳಗಿನಿಂದ ಬಟ್ಟಲಿಗೆ ಹತ್ತಾರು ಸಲ ನೀರು ಹಾಕಿಸಿಕೊಂಡು ಎಲೆಯ ಬಣ್ಣ ಹೋಗುವವರೆಗೆ ಹೀರುತ್ತಿದ್ದ ಜಿಪುಣರು ಕೂಡ ಅವನು ಹತ್ತಿರ ಬರುತ್ತಲೇ ಮುಚ್ಚಳದ ಮೇಲೆ ಕೈ ಇಟ್ಟು ಕಾಲುವೆಯ ಕಡೆ ನೋಡುತ್ತಿದ್ದರು. ಅಲ್ಲಲ್ಲಿ ಕೆಮ್ಮು ಕೇಳಿಸುತ್ತಿತ್ತು. ತು ತುಟಿ ಸವರಿಕೊಳ್ಳುತ್ತಿದ್ದ.

ಅಂಗಡಿಯ ಒಡತಿ ಗುಯ್‌ಫೆನ್ ಒಲೆಯ ಹತ್ತಿರ ನಿಂತು ತಲೆ ಕೆರೆದುಕೊಂಡಳು. ಅವಳು ವಿಧವೆ. ಗಂಡನಿದ್ದಾಗಿನಿಂದಲೂ ಯಾನಜ್ಜನನ್ನು ಮಾವ ಎಂದೇ ಕರೆಯುವವಳು.

"ಏನ್ ಮಾವ ಇದು? ನೀರು ಕುದ್ದು ಕುದ್ದು ಆರ್ತಾ ಇದೆ. ಇವತ್ತು ಯಾರಿಗೂ ಬಾಯಾರಿಕೆನೇ ಇಲ್ವಾ?"

"ಇಲ್ಲ," ಎಂದ ಯಾನಜ್ಜ.

ಅವನಿಗೆ ಅರ್ಥವಾಗಿತ್ತು, ಅಥವಾ ಆಗಿತ್ತೆಂದು ಅಂದುಕೊಂಡ. ಮುಚ್ಚಿದ ಮುಚ್ಚಳಕ್ಕೆ ಇನ್ನೊಂದು ಅರ್ಥ ಇದೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಇಡೀ ಪೇಟೆ ಒಟ್ಟಾಗಿ, ಒಂದು ಮಾತೂ ಆಡದೆ, ನಿನ್ನ ಕೈಯ ನೀರು ಬೇಡ ಎಂದಿತ್ತು. ಹಿಂದಿನ ದಿನ ತು ಬೈದು ಕೂಗಾಡಿದ್ದರೆ ಅವನು ಇಷ್ಟು ಕುಗ್ಗುತ್ತಿರಲಿಲ್ಲ. ಮಧ್ಯಾಹ್ನ ಗುಯ್‌ಫೆನ್ ನೂಡಲ್ಸ್ ಬೇಯಿಸುತ್ತಿದ್ದಾಗ ಅವನು ಕೆಟಲ್‌ನ ನೀರು ಚೆಲ್ಲಿ, ಅದನ್ನು ಹಿಡಿದುಕೊಂಡೇ ಬೀದಿಗೆ ಇಳಿದ. ಕೆಳಗಿಟ್ಟು ಹೋಗಲು ಧೈರ್ಯ ಬರಲಿಲ್ಲ. ಇಟ್ಟರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತಲ್ಲ.

ಕಾಲು ಬೆಟ್ಟದ ದಾರಿ ಹಿಡಿಯಿತು. ಮೇಲೆ ತಾವೋ ಮಠದಲ್ಲಿ ಲಿಯಾವ್ ಎಂಬ ಮುದಿ ಸನ್ಯಾಸಿ ಇದ್ದ. ಅವನು ಮಠದ ಬೇರುಗಳನ್ನು ಮಾರಲು ಪೇಟೆಗೆ ಇಳಿದಾಗಲೆಲ್ಲ ಕೆಳದಂಡೆಯಲ್ಲಿ ಕೂರುತ್ತಿದ್ದ. ಲೋಕವನ್ನು ಬಿಟ್ಟವನು ಬೇರಿನ ದರದಲ್ಲಿ ಮಾತ್ರ ಒಂದು ಗುಲಗಂಜಿಯಷ್ಟನ್ನೂ ಬಿಡುತ್ತಿರಲಿಲ್ಲ. ಈ ವಿಷಯದಲ್ಲಿ ನನಗೆ ಸ್ವಂತ ಅನುಭವ ಇದೆ. ಯಾನಜ್ಜ ತಲುಪಿದಾಗ ಲಿಯಾವ್, ನೆತ್ತಿಯ ಮೇಲೆ ಬಿಳಿಗೂದಲ ಗಂಟು ಕಟ್ಟಿಕೊಂಡು, ಅಂಗಳದಲ್ಲಿ ಮೂಲಂಗಿಗೆ ಉಪ್ಪು ಹಚ್ಚಿ ಜಾಡಿಗೆ ತುಂಬುತ್ತಿದ್ದ.

"ಓಹೋ, ಕೆಟಲ್ ಸಮೇತ ಸವಾರಿ! ಬಿಸಿನೀರು ತಂದ್ಯಾ?"

"ಇಲ್ಲ ಅಯ್ಯನೋರೇ. ಖಾಲಿ."

"ಖಾಲಿ ಕೆಟಲ್ ಹೊತ್ಕೊಂಡು ಇಷ್ಟು ಮೆಟ್ಲು ಹತ್ತಿದ್ಯಾ? ನಿಂಗೆ ತಲೆ ಕೆಟ್ಟಿದೆ."

"ಕೈ ಕೆಟ್ಟಿದೆ," ಎಂದ ಯಾನಜ್ಜ. ಅಂದುಬಿಟ್ಟ ಮೇಲೆ ಅವನಿಗೇ ಗಾಬರಿಯಾಯಿತು. ಈ ಮಾತು ಅವನ ಬಾಯಿಂದ ಯಾರ ಮುಂದೆಯೂ ಬಂದಿರಲಿಲ್ಲ. "ನಡುಗುತ್ತೆ."

"ಯಾವ್ ಕೈ?"

"ಬಲಗೈ."

ಲಿಯಾವ್ ತನ್ನ ಎರಡೂ ಕೈ ಮುಂದೆ ಚಾಚಿದ. ಉಪ್ಪಿನ ಹರಳುಗಳು ಪಟಪಟ ಉದುರಿದವು. "ನಂದು ಎರಡೂ. ನೀನಿನ್ನೂ ಎಳೇ ಹುಡ್ಗ."

"ನಿಮಗೇನು ಅಯ್ಯನೋರೇ, ನೀವು ಸನ್ಯಾಸಿಗಳು. ಕೈಯಿಂದ ಆಗಬೇಕಾದ್ದು ಏನಿದೆ?"

"ಏನಿದೆಯಾ? ಮಠಕ್ಕೆ ಬಂದಾಗ ನಾನು ಗಂಟೆ ಬಾರಿಸ್ತಿದ್ದೆ ಕಣಯ್ಯಾ. ಭುಜ ಹೋಯ್ತು, ಗಂಟೆ ಬಿಡಿಸಿದ್ರು. ಮೆಟ್ಲು ಗುಡಿಸ್ತಿದ್ದೆ. ಸೊಂಟ ಹೋಯ್ತು, ಪೊರಕೆನೂ ಹೋಯ್ತು. ಆಮೇಲೆ ಮಂತ್ರ ಹೇಳೋಕೆ ಕೂರ್ಸಿದ್ರು. ಹಲ್ಲು ಹೋದ್ಮೇಲೆ ನಾನೇನ್ ಹೇಳ್ತಿದ್ದೀನಿ ಅಂತ ದೇವರುಗಳಿಗೂ ತಿಳೀಲಿಲ್ಲ. ಈಗ ಮೂಲಂಗಿಗೆ ಉಪ್ಪು ಹಾಕ್ತೀನಿ."

"ಅದೂ ಆಗದೆ ಹೋದ್ರೆ?"

"ಮೂಲಂಗಿ ತಿಂತೀನಿ."

"ಹಲ್ಲಿಲ್ವಲ್ಲ."

"ಚೀಪ್ತೀನಿ. ನಿಂಗೇನ್ ಕಷ್ಟ?" ಲಿಯಾವ್ ಗಾಳಿ ಹೋಗದಂತೆ ಜಾಡಿಯ ಅಂಚಿನ ತೋಡಿಗೆ ನೀರು ಸುರಿದು ಮುಚ್ಚಿದ. "ಒಂದೊಂದು ಕೆಲಸ ಕೈ ಬಿಟ್ಟಾಗ್ಲೂ ಅಯ್ಯೋ ಅಂದೆ. ಒಂದು ತಿಂಗಳು ಕಳೆದ್ಮೇಲೆ ನೋಡ್ತೀನಿ, ಮೈ ಹಗುರ. ಗಂಟೆ ಬಾರಿಸೋವಾಗ ಗಂಟೆ ಶಬ್ದ ನಾನು ಯಾವತ್ತೂ ಕೇಳಿರ್ಲಿಲ್ಲ, ಗೊತ್ತಾ? ಹೊಡೆಯೋದ್ರಲ್ಲೇ ಇರ್ತಿದ್ದೆ. ಈಗ ಕೇಳುತ್ತೆ. ಚೆನ್ನಾಗಿದೆ."

ಯಾನಜ್ಜ ಕೆಟಲ್ ಅನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮುಚ್ಚಳಗಳ ಕಥೆ ಹೇಳಿದ, ಪು ಮೇಸ್ತ್ರಿಯ ಕಥೆಯನ್ನೂ ಹೇಳಿದ. "ಇದನ್ನ ಇಟ್ರೆ ನಾನೂ ಅಷ್ಟೇ ಅಯ್ಯನೋರೇ. ನೀರು ಬಿಡೋವರೆಗೂ ಇರಲ್ಲ."

"ಪು ಮೇಸ್ತ್ರಿ ಕೆಟಲ್ ಇಟ್ಟಿದ್ದಕ್ಕೆ ಸತ್ತನಾ?" ಲಿಯಾವ್ ಹುಬ್ಬೇರಿಸಿದ. "ಮನೆಗೆ ಹೋಗಿ ಬಾಗ್ಲು ಹಾಕ್ಕೊಂಡು ಗೋಡೆ ನೋಡ್ತಾ ಕೂತ. ನಾನು ಉಪ್ಪಿನಕಾಯಿ ತಗೊಂಡು ಹೋದ್ರೆ ತೆಗೀಲಿಲ್ಲ. ನಾನೀಗ ಯಾರೂ ಅಲ್ಲ, ನೀವ್ಯಾಕೆ ಬಂದ್ರಿ ಅಂತ ಒಳಗಿಂದ್ಲೇ ಕೂಗಿದ. ಹರಿಯೋ ನೀರನ್ನ ಮಡಕೇಲಿ ಹಿಡಿದು ಮುಚ್ಚಿಟ್ರೆ ಏನಾಗುತ್ತೋ ಅವನಿಗೂ ಅದೇ ಆಯ್ತು. ಪಾಪ ಕೆಟಲ್ ಏನ್ ಮಾಡೀತು?"

ಯಾನಜ್ಜ ಕೆಟಲ್‌ನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದ.

"ಇನ್ನೊಂದು ಕೇಳ್ತೀನಿ. ನಿಮ್ಮೂರ ಹೊಳೆಗೆ ಕಟ್ಟಿರೋ ಒಡ್ಡು ಇಷ್ಟು ಕಾಲದಿಂದ ನಿಂತಿದ್ಯಲ್ಲ, ಹೇಗೆ?"

"ತಗ್ಗಾಗಿ ಕಟ್ಟಿದ್ದಾರೆ, ಅದಕ್ಕೇ. ಎತ್ತರಿಸಿದ್ರೆ ಹೊಳೆ ಎತ್ಕೊಂಡು ಹೋಗುತ್ತೆ. ಚಿಕ್ಕ ಮಕ್ಳಿಗೂ ಗೊತ್ತು."

"ಗೊತ್ತಿದ್ದೂ ನೀನು ಕೆಟಲ್ ಅನ್ನ ಭುಜದ ಮೇಲಕ್ಕೆ ಎತ್ತುತ್ತೀಯ."

"ಎತ್ತದೇ ಹೊಯ್ದ್ರೆ ಎಲೆ ಮಗುಚಲ್ಲ!" ಯಾನಜ್ಜನಿಗೆ ನಿಜವಾಗಿಯೂ ಸಿಟ್ಟು ಬಂತು. ಸಾವಿನ ಮಾತಾಡುವಾಗ ಸಣ್ಣಗಿದ್ದ ದನಿ ಈಗ ಏರಿತು. "ತಳದಲ್ಲಿ ಸತ್ತ ಹಾಗೆ ಬಿದ್ದಿರುತ್ತೆ. ಅದನ್ನ ಚಹಾ ಅಂತಾರಾ? ಬಾಯಿ ತೊಳೆಯೋ ನೀರು ಅಂತಾರೆ."

"ಕಾಯಿ ಸ್ವಲ್ಪ ಹೊತ್ತು. ಅದೇ ಮೇಲೆ ಬರುತ್ತೆ. ಎಲೆಗೆ ನಿನ್ನಷ್ಟು ಅವಸರ ಇಲ್ಲ."

ಲಿಯಾವ್ ಒಳಗಿನಿಂದ ಬಿಸಿನೀರು ತಂದ. ನಡುಗುವ ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಅದರ ಮೂತಿಯನ್ನು ಬಟ್ಟಲಿನ ಅಂಚಿಗೇ ಊರಿ, ಮೆಲ್ಲಗೆ ಬಗ್ಗಿಸಿದ. ಒಂದಿಷ್ಟು ತಟ್ಟೆಗೂ ಬಿತ್ತು. ಇಬ್ಬರು ಮುದುಕರೂ ತಲೆ ಬಗ್ಗಿಸಿ, ಕೋಳಿ ಮೊಟ್ಟೆಯ ಮೇಲೆ ಕಣ್ಣಿಟ್ಟ ಹಾಗೆ, ಬಟ್ಟಲನ್ನೇ ನೋಡುತ್ತಾ ಕೂತರು. ಎಲೆ ತಳದಲ್ಲೇ ಇತ್ತು. ಆಮೇಲೆ ಒಂದು ಎಲೆ ಬಿಚ್ಚಿಕೊಂಡಿತು, ಸೊಟ್ಟಗೆ ಎದ್ದಿತು. ಇನ್ನೊಂದು ಅದರ ಹಿಂದೆ. ಲಿಯಾವ್ ತಟ್ಟೆಗೆ ಬಿದ್ದದ್ದನ್ನು ಸೊರ್ ಎಂದು ಕುಡಿದು ಬಟ್ಟಲನ್ನು ಯಾನಜ್ಜನಿಗೆ ಕೊಟ್ಟ.

ಚಹಾ ಚೆನ್ನಾಗಿಯೇ ಇತ್ತು. ಯಾನಜ್ಜನಿಗೆ ಅದು ತುಸು ಬೇಸರವನ್ನೇ ತಂದಿತು.

ಮರುದಿನ ಬೆಳಿಗ್ಗೆ ಅವನು ಕೆಳದಂಡೆಗೆ ಬಂದಾಗ ಎಲ್ಲರೂ ಇದ್ದರು. ಮುಚ್ಚಳಗಳೂ ಹಾಗೆಯೇ ಮುಚ್ಚಿದ್ದವು. ಕೆಟಲ್ ತುಂಬಿಸಿಕೊಂಡು ನಡುವೆ ಬಂದು ನಿಂತ. ಮಾತು ಬೆಟ್ಟ ಇಳಿಯುವಾಗ ಚೆನ್ನಾಗಿ ಜೋಡಿಸಿಕೊಂಡದ್ದು, ಈಗ ಎಲ್ಲ ಚೆಲ್ಲಾಪಿಲ್ಲಿಯಾಯಿತು.

"ನನ್ ಕೈ ನಡುಗುತ್ತೆ," ಎಂದು ಕೂಗಿದ, ಬೆಂಕಿ ಬಿದ್ದಾಗ ಕೂಗುವ ಹಾಗೆ. "ಎಲ್ರಿಗೂ ಗೊತ್ತಿರೋದೇ. ನಿಮಗೆ ನನ್ ನೀರು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ. ಮುಚ್ಚಳದಲ್ಲಿ ಹೊಡೀಬೇಡಿ."

ತು ಬೆಂಚಿನಿಂದ ಎದ್ದ. ಅವನ ಕೈಯಲ್ಲಿದ್ದ ಕಿವಿಯ ಕಡ್ಡಿ ಗಿರಾಕಿಯ ಕಿವಿಯಲ್ಲೇ ಉಳಿಯಿತು. ಆ ಗಿರಾಕಿ ಅಲ್ಲಾಡದೆ ಕಣ್ಣು ಮಾತ್ರ ಹೊರಳಿಸಿದ.

"ಏನಂದೆ? ಬೇಡ ಅಂದ್ವಾ? ಲೇ ಮುದಿ ಕತ್ತೇ! ನಿಂಗೆ ಓಡಾಟ ಕಮ್ಮಿ ಆಗ್ಲಿ ಅಂತ ನಾನೇ ಎಲ್ರಿಗೂ ಹೇಳಿ ಮುಚ್ಚಳ ಮುಚ್ಸಿದ್ದು. ನನ್ ಗಂಟ್ಲು ಸುಣ್ಣದ ಗೂಡಾಗಿದೆ. ಆ ಮೂಲೇಲಿ ಕೂತಿರೋನು ನಿನ್ನೆ ಎಲೆನೇ ಅಗಿದು ತಿಂದ. ನಿಂಗೋಸ್ಕರ ನಾವು ಒಣಗಿ ಸಾಯ್ತಿದ್ರೆ, ನೀನು ಕೋಪ ಮಾಡ್ಕೊಂಡು ಬೆಟ್ಟ ಹತ್ತಿದ್ಯಾ?"

"ನಂಗ್ಯಾಕೆ ಹೇಳಲಿಲ್ಲ?" ಗುಯ್‌ಫೆನ್ ಒಲೆಯ ಬಳಿಯಿಂದ ಕಿರುಚಿದಳು. "ಎಷ್ಟು ಕಲ್ಲಿದ್ದಲು ಸುಮ್ಮನೆ ಉರಿಸ್ದೆ ಗೊತ್ತಾ!"

"ನಿಂಗೆ ಹೇಳಿದ್ರೆ ನೀನು ಅತ್ತುಬಿಡ್ತಿದ್ದೆ ಅಕ್ಕ."

ಗುಯ್‌ಫೆನ್ ಅಳಲು ಶುರುಮಾಡಿದಳು. ಯಾನಜ್ಜ ನೋಡುತ್ತಲೇ ಇದ್ದ. ತು ಎಂಬ ಈ ಬಾಯಿಬಡುಕ, ಬೆರಳು ಕೂದಲಿನಷ್ಟು ಅದುರಿದರೂ ಅನ್ನ ಕಳೆದುಕೊಳ್ಳುವವನು, ಯಾನಜ್ಜನ ಕೈಯನ್ನು ಯಾನಜ್ಜನಿಗಿಂತ ಮೊದಲೇ ಓದಿದ್ದ. ಯಾನಜ್ಜನ ಹೊಟ್ಟೆಯೊಳಗಿಂದ ಏನೋ ಏರಿ ಬಂತು. ಅಳು ಎಂದುಕೊಂಡು ಬಾಯಿ ಬಿಗಿಹಿಡಿದ. ಅದು ನಗು.

ಅವನು ಕೆಟಲ್ ಅನ್ನು ಒಲೆಯ ಕಟ್ಟೆಯ ಮೇಲಿಟ್ಟು, ಪಕ್ಕದ ಬಿದಿರಿನ ಪೀಠದ ಮೇಲೆ ಕೂತ. "ನಾನು ನಿಮ್ಮ ಹತ್ರ ಬರಕ್ಕಾಗಲ್ಲ. ಬಾಯಾರಿದವರು ಬನ್ನಿ."

"ಮಾವ! ಗಿರಾಕಿ ಎದ್ದು ಬರೋದಾ? ಪೇಟೆಯವ್ರು ನಗ್ತಾರೆ."

"ನಗಲಿ. ನಗೋರಿಗೂ ನೀರು ಹಾಕ್ತೀನಿ."

ಮೊದಲು ತು ಬಟ್ಟಲು ಹಿಡಿದು ಬಂದ. ಅವನ ಹಿಂದೆ ಎಲೆ ಅಗಿದವನು. ಆಮೇಲೆ ಎಲ್ಲರೂ, ತಗ್ಗು ಕಂಡ ನೀರಿನಂತೆ, ಒಲೆಯ ಕಡೆ ಸರಿದರು. ಯಾನಜ್ಜ ಕೆಟಲ್‌ನ ಮೂತಿಯನ್ನು ಬಟ್ಟಲಿನ ಅಂಚಿಗೆ ಊರಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಮೆಲ್ಲಗೆ ಬಗ್ಗಿಸಿದ. "ಕಾಯಿರಿ, ಈಗ್ಲೇ ಕುಡೀಬೇಡಿ" ಎಂದು ಪ್ರತಿಯೊಬ್ಬನಿಗೂ ಗದರಿದ. ಕಾಯಲೇಬೇಕಾದ್ದರಿಂದ ಜನ ಅಲ್ಲೇ ನಿಂತರು, ನಿಂತದ್ದರಿಂದ ಮಾತಾಡಿದರು. ವರ್ಷಗಟ್ಟಲೆ ಬೇರೆ ಬೇರೆ ಮೂಲೆಯಲ್ಲಿ ಕೂತು ಒಬ್ಬರನ್ನೊಬ್ಬರು ಕಾಣದಂತೆ ನಟಿಸಿದ್ದ ಇಬ್ಬರು ಬೇರಿನ ವ್ಯಾಪಾರಿಗಳು ಆ ಒಲೆಯ ಮುಂದೆ ಎದುರುಬದುರಾಗಿ, ನಗದೆ ಬೇರೆ ದಾರಿಯಿಲ್ಲದೆ ನಕ್ಕರು. ಅವರಲ್ಲಿ ಒಬ್ಬ ನಾನು.

ಆದರೆ ಇದು ಕೆಟಲ್ ಇಳಿಸಿದ್ದು, ಇಟ್ಟದ್ದಲ್ಲ. ಹೊಳೆಗೆ ಮುಕ್ಕಾಲಿ ನಿಲ್ಲಿಸಿದರು. ಕಾಲುವೆ ಒಣಗಿ ಕಲ್ಲು ಕಂಡವು. ಚಳಿ ಏರಿದಂತೆ ಎಡಗೈಗೂ ನಡುಕ ಹತ್ತಿತು. ಕುರಿಮಾಂಸದ ಸಾರು ಕುಡಿಯುವ ನಡುಚಳಿಗಾಲದ ಹಬ್ಬದ ದಿನ ಕೆಟಲ್ ಬಗ್ಗಿಸಲು ಹೋದರೆ ಅದು ಬಗ್ಗಲೇ ಇಲ್ಲ, ಕೈಗಳೇ ಅದರ ಹಿಡಿಯ ಮೇಲೆ ಕುಣಿದವು. ಗುಯ್‌ಫೆನ್ ಬಂದು ಪಕ್ಕದಲ್ಲಿ ನಿಂತಳು. ಕೇಳಲಿಲ್ಲ, ಕೈಯೂ ಚಾಚಲಿಲ್ಲ. ಯಾನಜ್ಜ ಹಿಡಿಯನ್ನು ಅವಳ ಕಡೆ ತಿರುಗಿಸಿದ.

"ಮೂತಿ ಅಂಚಿಗೆ ಊರು. ಅವಸರ ಮಾಡ್ಬೇಡ," ಎಂದ. ಅಷ್ಟೇ.

ಕೆಟಲ್ ಅವನ ಕೈ ಬಿಟ್ಟ ಸುದ್ದಿ ಸಂಜೆಯೊಳಗೆ ಪೇಟೆ ತುಂಬ ಹರಡಿತು. ಪು ಮೇಸ್ತ್ರಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಜನ ಅವನಿಗೆ ಸಾರು ತಂದುಕೊಟ್ಟರು, ಹೊಗೆಹಾಕಿದ ಹಂದಿಮಾಂಸ ತಂದುಕೊಟ್ಟರು, ಕೊಡುವಾಗ ಮುಖವನ್ನು ಒಂದು ಕ್ಷಣ ಜಾಸ್ತಿ ನೋಡಿದರು. "ಏನು, ಪೆಟ್ಟಿಗೆಗೆ ಅಳತೆ ತಗೊಳ್ತಿದ್ದೀರಾ?" ಎಂದು ಅವನು ರೇಗಿದ. "ಅದರಲ್ಲಿ ಜಾಗ ಇಲ್ಲ, ಗೆಣಸಿದೆ." ಆದರೂ ಬೆಳಿಗ್ಗೆ ಎದ್ದಾಗ ಒಂದು ಗಳಿಗೆ ಹಾಸಿಗೆಯಲ್ಲೇ ಕೂತು ತನ್ನ ಉಸಿರನ್ನು ತಾನೇ ಕೇಳಿಸಿಕೊಳ್ಳುತ್ತಿದ್ದ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೋಳಿನೊಳಗೆ ಸೇರಿಸಿಕೊಳ್ಳುತ್ತಿದ್ದ. ಆಮೇಲೆ 'ಬಾಗಿಲು ಹಾಕಬಾರದು' ಎಂದು ತನಗೇ ಹೇಳಿಕೊಂಡು ಅಂಗಡಿಗೆ ಹೋಗಿ ಬಿದಿರಿನ ಪೀಠದ ಮೇಲೆ ಕೂರುತ್ತಿದ್ದ. ಅಲ್ಲಿ ಅವನಿಗೆ ಒಂದು ಹೊಸದು ಸಿಕ್ಕಿತು. ನೀರು ಕುದಿಯುವ ಮುಂಚೆ ಸಣ್ಣಗೆ ಹಾಡುತ್ತದೆ, ಕುದಿಯುವಾಗ ಸುಮ್ಮನಾಗುತ್ತದೆ, ಮತ್ತೆ ಗುಡುಗುತ್ತದೆ. ಇಷ್ಟು ವರ್ಷ ಓಡಾಟದ ಗದ್ದಲದಲ್ಲಿ ಅವನು ಇದನ್ನು ಕೇಳಿರಲಿಲ್ಲ. ಪಕ್ಕದಲ್ಲಿ ಕೂತವರಿಗೂ ಕೇಳಿಸಿದ. ತು ಕಿವಿಯೊಡ್ಡಿ, "ಹೌದಲ್ಲಾ, ನಾನು ಜನರ ಕಿವಿ ಶುದ್ಧ ಮಾಡಿದ್ದೇ ಬಂತು" ಎಂದ.

ಚಳಿ ಕಚ್ಚುವ ತಿಂಗಳಲ್ಲಿ ಕೆಮ್ಮು ಬಂತು. ಕೆಮ್ಮಿನ ಹಿಂದೆ ಜ್ವರ. ಯಾನಜ್ಜ ಅಂಗಡಿಗೆ ಬರುವುದು ನಿಂತಿತು. ನಾನು ಬೇರು ಕಳಿಸಿದೆ, ಮೊದಲ ದರ್ಜೆಯದು. ಲಿಯಾವ್ ಬೆಟ್ಟದಿಂದ ಇಳಿದು ಬಂದು ಬಾಗಿಲ ಬಳಿ ಕೂತ, ಗಂಜಿ ಕಾಯಿಸಿದ. ಪೇಟೆ ದನಿ ತಗ್ಗಿಸಿತು. ಗುಯ್‌ಫೆನ್‌ಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯನ್ನು ಹಾಗೆಯೇ ಬಿಟ್ಟು, ತಾಮ್ರದ ಕೆಟಲ್ ಅನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಅವನ ಮನೆಗೆ ಓಡಿಬಂದಳು.

"ಮಾವ, ತಗೊಳ್ಳಿ. ಮಗ್ಗುಲಲ್ಲಿ ಇಟ್ಕೊಳ್ಳಿ. ನಾನು ತಗೊಂಡಿದ್ದೇ ತಪ್ಪು. ಇದು ನಿಮ್ಮ ಹತ್ರಾನೇ ಇರ್ಲಿ."

ಯಾನಜ್ಜ ಕಣ್ಣು ತೆರೆದ. ಕೆಟಲ್ ಬಾಗಿಲ ಬೆಳಕಿನಲ್ಲಿ ಹೊಳೆಯುತ್ತಿತ್ತು. ಅದನ್ನು ಅವನು ತುಂಬ ಹೊತ್ತು ನೋಡಿದ. ಬೇಡ ಎನ್ನುವುದು ಅಷ್ಟು ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು. ಕೈ ಹೊದಿಕೆಯಿಂದ ಹೊರಬಂತು, ಹಿಡಿಯ ಕಡೆ ಹೋಯಿತು, ನಡುಗುತ್ತ ಗಾಳಿಯಲ್ಲಿ ನಿಂತಿತು.

"ಒಲೆ ಉರೀತಿದ್ಯಾ?" ಎಂದು ಕೇಳಿದ.

"ಉರೀತಿದೆ ಮಾವ."

"ಜನ ಇದ್ದಾರಾ?"

"ಇದ್ದಾರೆ."

"ಮತ್ತೆ ಇದನ್ನ ಇಲ್ಲಿ ತಂದ್ರೆ ಅಲ್ಲಿ ನೀರು ಯಾವುದರಲ್ಲಿ ಹಾಕ್ತಾರೆ, ಟೋಪಿಯಲ್ಲಾ? ಹೋಗೇ, ಹೋಗು. ಗಿರಾಕಿಗಳನ್ನ ಕಾಯ್ಸಬೇಡ."

ಕೈ ಹೊದಿಕೆಯೊಳಕ್ಕೆ ವಾಪಸು ಹೋಯಿತು. ಬಾಗಿಲ ಬಳಿ ಲಿಯಾವ್ ಗಂಜಿ ತಿರುಗಿಸುವುದನ್ನು ನಿಲ್ಲಿಸಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅಂದು ಸಂಜೆ ಯಾನಜ್ಜ ಗಂಜಿ ಕುಡಿದ. ಜ್ವರ ಒಮ್ಮೆಲೇ ಬಿಡಲಿಲ್ಲ, ಬಿಗಿಯಾದ ವ್ಯಾಪಾರಿಯ ಹಾಗೆ ಚೂರುಚೂರೇ ಇಳಿಯಿತು. ಬಾಗಿಲು ತೆರೆದೇ ಇತ್ತು. ತು ಬರುತ್ತಿದ್ದ, ಬೇಡವೆಂದರೂ ಕಿವಿ ಶುದ್ಧ ಮಾಡುತ್ತಿದ್ದ. ಸಾಸಿವೆಯ ಹೂ ಹೊಲ ತುಂಬ ಬಿಟ್ಟಾಗ ಯಾನಜ್ಜ ಕೋಲೂರಿ ಬೀದಿಗೆ ಬಂದ.

ಸಮಾಧಿ ಗುಡಿಸುವ ಹಬ್ಬದ ಬೆಳಿಗ್ಗೆ ಇಡೀ ಪೇಟೆ ಹೊಳೆಯ ದಂಡೆಯಲ್ಲಿತ್ತು. ಮುಕ್ಕಾಲಿಗಳ ಬುಡದ ಹಗ್ಗ ಕಡಿದು ಗಂಡಸರು ಎಳೆದರು. ಮರ ಮುರಿಯುವ ಶಬ್ದ ಬಂತು, ಆಮೇಲೆ ಬೇರೆ ಯಾವ ಶಬ್ದವೂ ಕೇಳದಂತೆ ನೀರು ಬಂತು. ಹುಡುಗರು ಗಂಡಸರೆಲ್ಲ ನೀರಿನ ತಲೆಗೆ ಕಲ್ಲೆಸೆಯುತ್ತ, ಕೂಗುತ್ತ, ಅದರ ಜೊತೆ ಓಡಿದರು. ಯಾನಜ್ಜನಿಗೆ ಓಡಲು ಆಗುತ್ತಿರಲಿಲ್ಲ. ಅವನು ಕೆಳಗಡೆ, ಕಾಲುವೆ ತಿರುಗುವ ಕಡೆಯ ಒಣಕಲ್ಲಿನ ಮೇಲೆ ಕೂತು ಕಾದ. ಓಡಿದವರಿಗೆ ನೀರು ತಪ್ಪಿಸಿಕೊಂಡು ಮುಂದೆ ಹೋಯಿತು. ಕೂತವನ ಬಳಿ ತಾನಾಗಿ ಬಂತು. ಕಲ್ಲುಗಳ ನಡುವೆ ಮೊದಲು ಒಂದು ಕಂದು ನಾಲಗೆ, ಹಿಂದೆಯೇ ಕಾಲ ಬೆರಳು ಮುಳುಗುವಷ್ಟು. ಅವನು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ. ನಡುಕಕ್ಕೆ ಅರ್ಧ ನೀರು ಚೆಲ್ಲಿ ಕಾಲುವೆಗೇ ಹೋಯಿತು. ಉಳಿದದ್ದನ್ನು ಮುಖಕ್ಕೆ ಹಚ್ಚಿಕೊಂಡ.

"ಕಂಡ್ಯಾ?" ಎಂದು ಮೇಲಿನಿಂದ ಲಿಯಾವ್ ಕೂಗಿದ.

"ಕಂಡೆ," ಎಂದ ಯಾನಜ್ಜ. "ತಣ್ಣಗಿದೆ."

ಅದಾದ ಮೇಲೆ ಅವನು ಇನ್ನೂ ಹಲವು ಸಲ ಆ ನೀರು ನೋಡಿದ. ನನ್ನ ಮಂಡಿ ಕೈಕೊಟ್ಟಿದ್ದು ಆ ವರ್ಷಗಳಲ್ಲಿ. ಬೇರು ಕೊಳ್ಳಲು ಬೆಟ್ಟ ಹತ್ತುವುದನ್ನು ಬಿಟ್ಟೆ. ಪೇಟೆಯ ನಡುವೆ ನಿಂತು, ನನ್ನ ಮಂಡಿ ಹೋಯಿತು, ಮಾರುವವರು ಕೆಳಗೆ ಬನ್ನಿ ಎಂದೆ. ಬಂದರು. ಇಲ್ಲದಿದ್ದರೆ ನಾನು ಅದನ್ನು ಮುಚ್ಚಿಟ್ಟು, ಮನೆಯಲ್ಲಿ ಗೋಡೆ ನೋಡುತ್ತ ಕೂತು, ಮಕ್ಕಳ ಮೇಲೆ ಸಿಡುಕುತ್ತ ಮುದುಕನಾಗುತ್ತಿದ್ದೆ. ಹಾಗಾಗದಿದ್ದದ್ದು ಯಾನ್ ಬಿಂಗ್‌ಚುವಾನ್‌ನಿಂದ. ನನ್ನ ಮುಪ್ಪಿನ ನೆಮ್ಮದಿಗೆ ನಾನು ಅವನಿಗೆ ಋಣಿ.